ಬೆಟಗೇರಿಯ ಸಂಘ ಭಾಷೆ ನೋಡಲು ಹೋದದ್ದು

ಹುಬ್ಬಳ್ಳಿಗೆ ಹೋಗಿ ನಾಲ್ಕು ದಿನ ಇದ್ದು ಬಂದ ಮನುಷ್ಯ ಇನ್ನು ನಾಲ್ಕು ದಿನದಲ್ಲಿ ಮೊದಲಿನಂತಾಗಿಬಿಡಬೇಕು. ಲೋಕದ ರೂಢಿ ಅದು. ಹುಚ್ಚೀರಪ್ಪ ಆಗಲಿಲ್ಲ. ಬೆಟಗೇರಿಯ ನೇಕಾರರ ಸಂಘವೊಂದರಲ್ಲಿ ಹದಿನಾರು ವರ್ಷ ಕಾರಕೂನಿಕೆ ಮಾಡಿ, ರಜಿಸ್ಟರಿನ ಧೂಳಿಗೆ ಸೀನುತ್ತ ಬದುಕಿದ್ದ ಈ ಬಡಪಾಯಿಯನ್ನು ೧೯೮೮ರ ಶಿವರಾತ್ರಿ ಕಳೆದ ಮೇಲೆ ಕಂಪ್ಯೂಟರ್ ತರಬೇತಿಗೆಂದು ಕಳಿಸಿದರು. ಬರುವಾಗ ಒಂದು ಪ್ರಮಾಣಪತ್ರ, ಒಂದು ಕೆಂಪು ಪೆನ್ನು ಮತ್ತು ಒಂದು ಹೊಸ ನಡಿಗೆ ತಂದ. ಮೊದಲು ಓಣಿಯ ಗೋಡೆ ಸವರಿಕೊಂಡು ಹೋಗುತ್ತಿದ್ದವನು ಈಗ ನಟ್ಟನಡುವೆ ನಡೆಯತೊಡಗಿದ. ಚಕ್ಕಡಿಗಳೇ ಪಕ್ಕಕ್ಕೆ ಸರಿಯಬೇಕಾಯಿತು.

ಅಲ್ಲಿ ಅವನು ಕಲಿತದ್ದೇನು ಎಂದು ಕೇಳಿದರೆ ಹೇಳುವುದು ಕಷ್ಟ. ಯಂತ್ರ ಒಂದು, ಕಲಿಯುವವರು ಇಪ್ಪತ್ತೆರಡು ಮಂದಿ. ನಾಲ್ಕು ದಿನದಲ್ಲಿ ಅವನ ಬೆರಳು ಆ ಗುಂಡಿಗಳನ್ನು ಮುಟ್ಟಿದ್ದು ಎರಡು ಸಲ. ಮೊದಲ ಸಲ ಏನೂ ಆಗಲಿಲ್ಲ. ಎರಡನೆಯ ಸಲ ಕಲಿಸುವವರು ಓಡಿ ಬಂದು, "ಅದನ್ನ ಮುಟ್ಟಬ್ಯಾಡ್ರಿ ಅಂತ ಹೇಳಿಲ್ಲೇನ್ರಿ!" ಎಂದರು. ಕೊನೆಯ ದಿನ ಹಲಗೆಯ ಮೇಲೆ ಮೂರು ಹೆಸರು ಬರೆದರು: ಬೇಸಿಕ್, ಕೋಬಾಲ್, ಡೀಬೇಸ್. ಯಂತ್ರಕ್ಕೆ ಕೆಲಸ ಹೇಳುವ ಭಾಷೆಗಳು ಇವು, ಇವುಗಳಿಂದಲೇ ಬೇಕಾದ ಪಟ್ಟಿ, ವರದಿ ತೆಗೆಯುವುದು ಎಂದರು. ಹುಚ್ಚೀರಪ್ಪ ಅದನ್ನು ಬಸ್ಸಿನ ಟಿಕೀಟಿನ ಹಿಂದೆ ಬರೆದುಕೊಂಡ. ಬೆಟಗೇರಿಗೆ ಬಂದು ಇಳಿಯುವಷ್ಟರಲ್ಲಿ ಮೂರೂ ಅವನಿಗೆ ಬಾಯಿಪಾಠವಾಗಿದ್ದವು. ಹೆಸರು ಮಾತ್ರ.

"ಎಷ್ಟು ಕಲ್ತು ಬಂದ್ಯೋ ಹುಚ್ಚೀರಾ?" ಎಂದು ಚಹದಂಗಡಿಯವರು ಕೇಳಿದರು.

"ಮೂರು ಭಾಷಾ ಬರ್ತಾವ," ಎಂದ. ಹೆಚ್ಚಿಗೆ ಮಾತಾಡಲಿಲ್ಲ. ಬಲ್ಲವರು ಹೆಚ್ಚು ಮಾತಾಡುವುದಿಲ್ಲವೆಂಬುದನ್ನು ಅವನು ಎಲ್ಲೋ ಕೇಳಿದ್ದ.

ಮನೆಯಲ್ಲಿ ಹೆಂಡತಿ ನೀಲಗಂಗವ್ವನಿಗೂ ಅದನ್ನೇ ಹೇಳಿದ. ಆಕೆ ಮೊರದೊಳಗಿನ ಜೋಳದಿಂದ ಕಣ್ಣೆತ್ತಲಿಲ್ಲ. "ಮೂರು ಬರ್ತಾವಂತ! ಒಳ್ಳೆಣ್ಣಿ ತೀರೇತಿ ಅಂತ ಒಂದ ಭಾಷಾದಾಗ ಮೂರು ಸಲ ಹೇಳೇನಿ, ಅದು ಮಾತ್ರ ತಿಳೀಲಿಲ್ಲ."

ಎರಡು ತಿಂಗಳು ಅವನ ಮೂರು ಭಾಷೆಗಳಿಂದ ಯಾರಿಗೂ ತೊಂದರೆಯಾಗಲಿಲ್ಲ. ಆಮೇಲೆ ಸಂಘಕ್ಕೆ ಯಂತ್ರ ಬಂತು. ಅದರ ಬೆನ್ನಿಗೇ ಧಾರವಾಡದ ಜಿಲ್ಲಾ ಕಚೇರಿಯಿಂದ ಕಾಗದ ಬಂತು.

ಕಾಗದದ ಸಾರಾಂಶ ಇಷ್ಟು. ನೇಕಾರರಿಗೆಂದು ಊರ ಹೊರಗೆ ನಲವತ್ತು ಮನೆ ಕಟ್ಟಿಸಿದ್ದಾರೆ. ಒಂದೊಂದರಲ್ಲೂ ಎತ್ತರದ ನೆಲ, ಮಗ್ಗಕ್ಕೆ ಬೇರೆ ಕೋಣೆ. ಬಾಡಿಗೆ ಮನೆಯಲ್ಲಿ ಕುಣಿಮಗ್ಗ ಹಾಕಿಕೊಂಡು, ಸಂಘದಲ್ಲಿ ಹತ್ತು ವರ್ಷ ಮೆಂಬರಾಗಿದ್ದವರಿಗೆ ಕೊಡತಕ್ಕದ್ದು. ಅಂಥವರ ಪಟ್ಟಿಯನ್ನು ಸಂಘವು ಕಂಪ್ಯೂಟರಿನಿಂದ ತೆಗೆದು ಸಪ್ಟೆಂಬರ್ ಕೊನೆಯೊಳಗೆ ಒಪ್ಪಿಸಬೇಕು. ಅದಕ್ಕೆ ಮುಂಚೆ, ಯಾವ ಭಾಷೆಯಲ್ಲಿ ವರದಿ ತೆಗೆಯುತ್ತೀರೆಂದು ತಿಳಿಸಿದರೆ ಆ ಭಾಷೆಯ ಫ್ಲಾಪಿ ಕಳಿಸಲಾಗುವುದು.

ಈ ಕಾಗದದ ಸುದ್ದಿ ಎಲ್ಲರಿಗಿಂತ ಮೊದಲು ಮುಟ್ಟಿದ್ದು ಕೆಳಗಿನ ಓಣಿಯ ಗುಲಾಬಬಿಗೆ. ಗಂಡ ಸತ್ತು ಏಳು ವರ್ಷ. ಅವನು ಸಂಘದ ಹಳೆಯ ಮೆಂಬರು; ಆ ಮೆಂಬರಿಕೆ ಇವಳ ಹೆಸರಿಗೆ ಬಂದಿತ್ತು. ಅವನ ಮಗ್ಗವನ್ನು ತಾನೇ ನೇಯುತ್ತ ಬಂದವಳು. ಕುಣಿಮಗ್ಗವೆಂದರೆ ನೆಲದಲ್ಲಿ ತೋಡಿದ ಕುಣಿಯೊಳಗೆ ಕಾಲಿಳಿಬಿಟ್ಟು ನೇಯುವುದು. ಅವಳ ಬಾಡಿಗೆ ಮನೆಯ ಕುಣಿಗೆ ಮಳೆಗಾಲದಲ್ಲಿ ಕೆಳಗಿನಿಂದ ನೀರು ಒಸರುತ್ತಿತ್ತು. ದಿನಾ ಬೆಳಿಗ್ಗೆ ಡಬ್ಬಿಯಿಂದ ನೀರು ಮೊಗೆದು ಚೆಲ್ಲಿ, ಉಳಿದ ಕೆಸರಿನಲ್ಲಿ ಕಾಲಿಟ್ಟು ಸೀರೆ ನೇಯುವಳು. ಹಿಮ್ಮಡಿ ಒಡೆದು ಕೊಳೆತಂತಾಗಿತ್ತು. ಅದರ ಮೇಲೆ ಮನೆಯ ಮಾಲಕ, ದಸರಾ ಮುಗಿದ ಮೇಲೆ ಮನೆ ಕೆಡವಿ ಅಂಗಡಿ ಹಾಕುತ್ತೇನೆ, ಬೇರೆ ಕಡೆ ನೋಡಿಕೋ ಎಂದಿದ್ದ. ಮಗ್ಗ ಇಟ್ಟುಕೊಳ್ಳಲು ಯಾರು ಮನೆ ಕೊಡುತ್ತಾರೆ? ನೆಲ ಅಗೆಯುತ್ತೇನೆಂದರೆ ಬಾಗಿಲಲ್ಲೇ ಬೇಡವೆನ್ನುತ್ತಿದ್ದರು.

"ಹುಚ್ಚೀರಣ್ಣಾ, ನನ್ನ ಹೆಸರು ಬರ್ತೈತೇನಪಾ?" ಎಂದು ಸಂಘದ ಕಟ್ಟೆಯ ಮೇಲೆ ಕುಳಿತು ಕೇಳಿದಳು.

"ನಿಂದು ಬರದ ಇನ್ಯಾರದು ಬರ್ತೈತಿ ಅಕ್ಕಾ? ಎಲ್ಲಾ ಕಟ್ಲೆಗೆ ಸರಿ ಐತಿ."

ಹುಚ್ಚೀರಪ್ಪ ಸುಳ್ಳು ಹೇಳಿರಲಿಲ್ಲ. ಹದಿನಾರು ವರ್ಷ ರಜಿಸ್ಟರು ತಿರುವಿದವನು. ಎರಡು ಮಧ್ಯಾಹ್ನ ಕುಳಿತು, ಆರುನೂರ ಹನ್ನೆರಡು ಮೆಂಬರರಲ್ಲಿ ಯಾರು ಬಾಡಿಗೆ, ಯಾರ ಕುಣಿ, ಯಾರದು ಎಷ್ಟು ವರ್ಷ ಎಂದು ನೋಡಿ, ಮೂವತ್ತೆಂಟು ಹೆಸರಿನ ಪಟ್ಟಿಯನ್ನು ಮುತ್ತು ಪೋಣಿಸಿದಂತೆ ಕೈಯಲ್ಲಿ ಬರೆದು ಮುಗಿಸಿದ. ಹನ್ನೊಂದನೆಯದು ಗುಲಾಬಬಿಯ ಹೆಸರು. ಬರೆದವನೇ ನಾಲ್ಕು ಮಡಿಕೆ ಮಾಡಿ ಅಂಗಿಯ ಕಿಸೆಯಲ್ಲಿಟ್ಟ. ಕಂಪ್ಯೂಟರ್ ಕಲಿತು ಬಂದವನು ಕೈಬರಹದ ಪಟ್ಟಿ ತೋರಿಸುವುದೆಂದರೆ ಹೊಸ ಅಳಿಯ ಮಾವನ ಊರಿಗೆ ಬರಿಗಾಲಲ್ಲಿ ನಡೆದು ಹೋದಂತೆ.

ಇನ್ನು ಉಳಿದದ್ದು ಭಾಷೆ ಆರಿಸುವುದು.

ಸಂಘದ ಅಧ್ಯಕ್ಷ ಬೀರಲಿಂಗಪ್ಪನವರು ಜನ್ಮದಲ್ಲಿ ಆರಿಸುವ ಕೆಲಸ ಮಾಡಿದ್ದು ಒಂದೇ ವಿಷಯದಲ್ಲಿ: ಕನ್ಯೆ. ಸುತ್ತಲಿನ ಹನ್ನೆರಡು ಹಳ್ಳಿಯಲ್ಲಿ ಅವರು ಕೂಡಿಸಿದ ಜೋಡಿಗಳು ಅರವತ್ತಕ್ಕೆ ಕಡಿಮೆಯಿಲ್ಲ. ಅವುಗಳಲ್ಲಿ ನಾಲ್ಕೈದು ಸುಖವಾಗಿಯೂ ಇದ್ದವು. ಕಮಿಟಿ ಕೂಡಿದಾಗ ಹುಚ್ಚೀರಪ್ಪ ಮೂರೂ ಹೆಸರು ಓದಿದ. ಅಧ್ಯಕ್ಷರು ಕಣ್ಣು ಮುಚ್ಚಿ ಕೇಳಿದರು.

"ಯಾವ್ಯಾವ ಊರಾಗ ಅದಾವ ಇವು?"

"ಊರು ಅಂದ್ರ... ಯಾರ್ಯಾರ ಆಫೀಸಿನಾಗ ಅದಾವ ಅಂತ ಕೇಳಬೇಕ್ರಿ."

"ಕೇಳು. ನೋಡದ ಒಪ್ಪು ಅಂದ್ರ ಹೆಂಗ ಒಪ್ಪೂದು? ಮನಿತನ ನೋಡಬೇಕು, ನಡಾವಳಿ ನೋಡಬೇಕು. ಹೋಗಿ ನೋಡ್ಕೊಂಡ ಬರೂಣು."

ಡೈರೆಕ್ಟರ್ ಮರ್ದಾನಸಾಬ ಕೂಡಲೇ ಎದ್ದ. ಕಮಿಟಿಯಲ್ಲಿ ಅಧ್ಯಕ್ಷರಿಗೆ ಎದುರಾಡುವ ಗಂಡಸು ಅವನೊಬ್ಬನೇ. "ಲಕ್ಷ್ಮೇಶ್ವರದಾಗ ನಮ್ಮ ಸಡ್ಡಕ ಶೇಖಸಾಬನ ಅರಳಿ ಅಂಗಡಿಯಾಗ ಕಂಪ್ಯೂಟರ್ ಐತಿ. ಬೇಸಿಕ್ ಅಂತ. ಅಲ್ಲಿಗೆ ಮೊದಲ ಹೋಗೂಣು."

"ಶಿರಹಟ್ಟ್ಯಾಗ ನಮ್ಮ ಬೀಗರ ಬೀಜದ ಸಂಘದಾಗೂ ಐತಿ," ಎಂದರು ಅಧ್ಯಕ್ಷರು, ಕಣ್ಣು ತೆರೆಯದೆ. "ಕೋಬಾಲು."

ಮೂರನೆಯದು ಮುಂಡರಗಿಯಲ್ಲಿ ಟೈಪಿಂಗ್ ಕ್ಲಾಸು ನಡೆಸುವ ಹೊಳೆಯಪ್ಪ ಮಾಸ್ತರರ ಹತ್ತಿರ ಇತ್ತು. ಅದಕ್ಕೆ ಯಾರ ಬಂಧುಬಳಗವೂ ಇರಲಿಲ್ಲವಾದ್ದರಿಂದ ಅದನ್ನು ಕೊನೆಗೆ ಇಟ್ಟರು.

ಇಲ್ಲಿ ಒಂದು ಮಾತು ಹೇಳಬೇಕು. ಈ ಸೀಮೆಯಲ್ಲಿ ಕನ್ಯೆ ನೋಡಲು ಹೋದವರು ಉಪ್ಪಿಟ್ಟು ತಿನ್ನಬಹುದು, ಚುರಮರಿ ತಿನ್ನಬಹುದು, ಬೇಕಾದಷ್ಟು ಚಹ ಕುಡಿಯಬಹುದು. ಅಷ್ಟಾದರೂ 'ಊರಿಗೆ ಹೋಗಿ ಹೇಳಿ ಕಳಸ್ತೀವ್ರಿ' ಎಂದು ಎದ್ದು ಬರಬಹುದು. ಆದರೆ ಸಿಹಿ ಬಾಯಿಗಿಟ್ಟರೆ ಮುಗಿಯಿತು. ಒಪ್ಪಿದಂತೆ. ಸಿಹಿ ತಿಂದು ಒಲ್ಲೆ ಎಂದವರ ಮನೆಗೆ ಮುಂದೆ ಏಳು ತಲೆಮಾರು ಯಾರೂ ಹೆಣ್ಣು ಕೊಡುವುದಿಲ್ಲ. ಇದನ್ನು ಬೀರಲಿಂಗಪ್ಪನವರಿಗಿಂತ ಚೆನ್ನಾಗಿ ಬಲ್ಲವರು ಯಾರೂ ಇರಲಿಲ್ಲ. ಜೀಪು ಹತ್ತುವ ಮೊದಲೇ ಅವರು ಎಲ್ಲರಿಗೂ ತಾಕೀತು ಮಾಡಿದರು: "ಸಿಹಿ ಮುಟ್ಟಬ್ಯಾಡ್ರಿ. ಮೂರೂ ನೋಡಿ ಆಮ್ಯಾಲೆ ಮಾತು."

ಲಕ್ಷ್ಮೇಶ್ವರಕ್ಕೆ ಹೋದದ್ದು ರಂಜಾನ್ ಹಬ್ಬದ ಮರುದಿನ. ಹೋಗುವ ದಿನ ಗೊತ್ತು ಮಾಡಿದವನು ಮರ್ದಾನಸಾಬ, ಅವನು ದಡ್ಡನಲ್ಲ. ಅರಳೆಯ ಅಂಡಿಗೆಗಳ ನಡುವೆ ಯಂತ್ರ ಕುಳಿತಿತ್ತು. ಅದರ ಮುಂದಿನ ಗುಮಾಸ್ತ ಸಾಲಿಗೊಂದು ನಂಬರು ಹಾಕಿ, ಹತ್ತು, ಇಪ್ಪತ್ತು, ಮೂವತ್ತು ಎಂದು ಬರೆಯುತ್ತ ಹೋದ. ಕೊನೆಗೆ ಹಸಿರು ಅಕ್ಷರದಲ್ಲಿ ಅಧ್ಯಕ್ಷರ ಹೆಸರು ಪರದೆಯ ತುಂಬ ಇಪ್ಪತ್ತು ಸಲ ಮೂಡಿತು. ಅಧ್ಯಕ್ಷರು ಮೀಸೆ ತಿರುವಿದರು. ಆ ಹೊತ್ತಿಗೆ ಸರಿಯಾಗಿ ಶೇಖಸಾಬ ಬಟ್ಟಲು ತುಂಬ ಸುರಕುಂಬಾ ತಂದು ಕೈಗಿತ್ತ. ಶಾವಿಗೆ, ಹಾಲು, ಖರ್ಜೂರ, ದ್ರಾಕ್ಷಿ. ಹಬ್ಬದ ಮನೆ. ಹೆಸರು ಇನ್ನೂ ಪರದೆಯ ಮೇಲೆ ಹೊಳೆಯುತ್ತಿತ್ತು.

ಗದಗ ದಾರಿಯಲ್ಲಿ ಜೀಪು ಅರ್ಧಕ್ಕೆ ಬಂದಾಗ ಅಧ್ಯಕ್ಷರು ಥಟ್ಟನೆ ಕೇಳಿದರು: "ಮರ್ದಾನಸಾಬ, ನಾವು ಸಿಹಿ ತಿಂದಿವೋ ಏನು?"

"ಎರಡು ಬಟ್ಟಲ ತಿಂದ್ರಿ. ಮತ್ತೊಂದು ಬಟ್ಟಲಾ ಕೇಳಿದ್ರಿ," ಎಂದ ಮರ್ದಾನಸಾಬ, ಕಿಡಿಕಿಯ ಹೊರಗೆ ನೋಡುತ್ತ.

ಇನ್ನು ಶಿರಹಟ್ಟಿಯ ಬೀಗರು ಸುಮ್ಮನಿರುವರೇ? ಲಕ್ಷ್ಮೇಶ್ವರದ ಸುದ್ದಿ ಅವರಿಗೆ ಮೊದಲೇ ಮುಟ್ಟಿತ್ತು. ಅಲ್ಲಿ ಯಂತ್ರಕ್ಕೆ ಶಾಲು ಹೊದಿಸಿ, ವಿಭೂತಿ ಹಚ್ಚಿ, ಮಾಲೆ ಹಾಕಿ ಕೂಡಿಸಿದ್ದರು. ನಡೆಸಲು ಬರುತ್ತಿದ್ದವನಿಗೆ ಬೇರೆ ಊರಿಗೆ ವರ್ಗವಾಗಿ ಆರು ತಿಂಗಳಾಗಿತ್ತು; ಅಂದಿನಿಂದ ಯಾರೂ ಶಾಲು ತೆಗೆದಿರಲಿಲ್ಲ.

"ತಗದು ತೋರಸ್ರಿ ಬೀಗರ."

"ಕೋಬಾಲ್ ಅಂದ್ರ ಹಂಗ ಬಂದ್ಹಂಗ ತೋರ್ಸೂದಲ್ಲ ಬೀಗರ. ಭಾರಿ ಮನಿತನದ್ದು. ಸಣ್ಣ ಪಟ್ಟಿ ಬೇಕಂದ್ರೂ ಇನ್ನೂರು ಸಾಲು ಬರೀಬೇಕು. ಅದರಾಗ ನಾಲ್ಕು ಭಾಗ. ಮೊದಲನೇದರಾಗ ಬರೇ ಹೆಸರು, ಕುಲಗೋತ್ರ ಇದ್ದಂಗ."

"ಇನ್ನೂರು ಸಾಲು!" ಅಧ್ಯಕ್ಷರ ಮುಖ ಅರಳಿತು. "ನೋಡಲೇ ಹುಚ್ಚೀರಾ, ತೂಕ ಅಂದ್ರ ಇದು."

ಊಟಕ್ಕೆ ಬೆಲ್ಲದ ಮಾದಲಿ ಮಾಡಿದ್ದರು, ಮೇಲೆ ತುಪ್ಪ. ಅಧ್ಯಕ್ಷರು ಎಲೆಯ ಮೇಲೆ ಕೈ ಅಡ್ಡ ಹಿಡಿದರು. ಬಡಿಸುತ್ತಿದ್ದವಳು ಅದೇ ಮನೆಗೆ ಕೊಟ್ಟ ಅವರ ಸ್ವಂತ ಮಗಳು ಸಿದ್ದಲಿಂಗವ್ವ. ಅವಳು ಅಡಿಗೆಮನೆಯ ಬಾಗಿಲಲ್ಲಿ ನಿಂತ ಅತ್ತೆಯ ಕಡೆ ಒಮ್ಮೆ, ಅಪ್ಪನ ಕಡೆ ಒಮ್ಮೆ ನೋಡಿದಳು. ಕೈ ಸರಿಯಿತು.

ಮುಂಡರಗಿಗೆ ಇವರು ಹೋಗಿ ಇಳಿದಾಗ ಊರಿನಲ್ಲಿ ಕರೆಂಟು ಇರಲಿಲ್ಲ. ಹೊಳೆಯಪ್ಪ ಮಾಸ್ತರರು ಕತ್ತಲೆಯ ಪರದೆಯ ಮುಂದೆ ನಿಂತು ನಕ್ಕರು. ನಿಮಗೆ ಬೇಕಾದದ್ದೇನು, ಹೇಳಿ ಎಂದರು. ಹುಚ್ಚೀರಪ್ಪ ಹೇಳಿದ: ಇಷ್ಟು ಮೆಂಬರರು, ಅವರಲ್ಲಿ ಬಾಡಿಗೆಯವರು, ಕುಣಿಮಗ್ಗದವರು, ಹತ್ತು ವರ್ಷ ಆದವರು. ಮಾಸ್ತರರು ಪಾಟಿಯ ಮೇಲೆ ಬಳಪದಿಂದ ಒಂದು ಸಾಲು ಬರೆದರು.

"ಇದು ಡೀಬೇಸ್. ಎಲ್ಲಾ ಹೆಸರು ಒಮ್ಮೆ ತುಂಬಿಟ್ರ ಆತು. ಆಮ್ಯಾಲೆ ಈ ಸಾಲು ಬರದು ಗುಂಡಿ ಒತ್ರಿ, ಪಟ್ಟಿ ಬರ್ತೈತಿ. ತಂದು ತೋರಸಂದ್ರ ತೋರಸ್ತೈತಿ. ನಿಮಗ ಬೇಕಾದ್ದು ಇದಕ್ಕಂತ ಮಾಡಿದ್ದು."

"ಇಷ್ಟ ಏನ್ರಿ ಮಾಸ್ತರ?"

"ಇಷ್ಟ."

ಹುಚ್ಚೀರಪ್ಪ ಪಾಟಿಯನ್ನು ಎರಡು ಕೈಯಲ್ಲಿ ಹಿಡಿದುಕೊಂಡು ನಿಂತುಬಿಟ್ಟ. ಹುಬ್ಬಳ್ಳಿಯ ನಾಲ್ಕು ದಿನದಲ್ಲಿ ತಿಳಿಯದ್ದು ಕರೆಂಟಿಲ್ಲದ ಕೋಣೆಯಲ್ಲಿ ನಾಲ್ಕು ನಿಮಿಷದಲ್ಲಿ ತಿಳಿದಿತ್ತು. ಅಧ್ಯಕ್ಷರು ಬಗ್ಗಿ ನೋಡಿ ಮೂಗು ಮುರಿದರು. "ಒಂದ ಸಾಲು? ಅಲ್ಲಿ ಇನ್ನೂರು ಸಾಲಿನ ಮನಿತನ ನೋಡಿ ಬಂದು, ಇಲ್ಲಿ ಒಂದು ಸಾಲು?"

ಅಷ್ಟರಲ್ಲಿ ಒಳಗಿನಿಂದ ಬೆಲ್ಲದ ಗೋದಿ ಹುಗ್ಗಿ ಬಂತು. ಮನೆಯಲ್ಲಿ ಮೊಮ್ಮಗುವಿನ ತೊಟ್ಟಿಲ ಕಾರ್ಯ. ಅಧ್ಯಕ್ಷರು ಈ ಸಲ ಗಟ್ಟಿಯಾಗಿ ಬೇಡವೆಂದರು. ಮಾಸ್ತರರ ಮುಖ ಚಿಕ್ಕದಾಯಿತು. "ಲಕ್ಷ್ಮೇಶ್ವರದಾಗ ತಿಂದೀರಂತ, ಶಿರಹಟ್ಟ್ಯಾಗೂ ತಿಂದೀರಂತ. ನಮ್ಮ ಮನಿದು ಆಗೂದಿಲ್ಲೇನ್ರಿ? ನಮ್ಮ ಕೂಸಿನ ಹೆಸರಿನ ಹುಗ್ಗಿ ಇದು." ಇಡೀ ಓಣಿಯ ಮಂದಿ ಬಾಗಿಲಲ್ಲಿ ನಿಂತು ನೋಡುತ್ತಿದ್ದರು. ಅಧ್ಯಕ್ಷರು ದೇವರನ್ನು ನೆನೆದು ಚಮಚ ಎತ್ತಿದರು.

ಮರಳಿ ಬರುವಾಗ ಹುಚ್ಚೀರಪ್ಪ ಧೈರ್ಯ ಮಾಡಿದ. "ಅಧ್ಯಕ್ಷರ, ಈ ಮುಂಡರಗಿದು ಚಲೋ ಐತ್ರಿ. ನಮ್ಮ ಕೆಲಸಕ್ಕ ಇದ ಸರಿ. ವಾರದಾಗ ಮುಗೀತೈತಿ."

"ಮೂರೂ ಭಾಷಾ ಬರ್ತಾವ ಅಂದಾವ ನೀನ ಅಲ್ಲೇನಲೇ?"

"ಹೌದ್ರಿ, ಆದ್ರ..."

"ಮೂರೂ ಬರೂ ಮನಷ್ಯಾಗ ಒಂದ್ಯಾಕ ಚಲೋ, ಎರಡ್ಯಾಕ ಕೆಟ್ಟ? ಉಳಿದೆರಡು ಬರೂದಿಲ್ಲೇನ ಮತ್ತ ನಿನಗ?"

ಮರ್ದಾನಸಾಬ ಮೆಲ್ಲಗೆ ಕೆಮ್ಮಿದ. ಹುಚ್ಚೀರಪ್ಪ ಜೀಪಿನ ಕಬ್ಬಿಣದ ಸರಳು ಗಟ್ಟಿಯಾಗಿ ಹಿಡಿದು, "ಬರ್ತಾವ್ರಿ," ಎಂದ.

ಹೀಗೆ ಮೂರೂರಿನಲ್ಲಿ ಸಿಹಿ ತಿಂದು ಮೂರು ಮನೆತನಕ್ಕೆ ಮಾತು ಕೊಟ್ಟ ಸಂಘಕ್ಕೆ ಉಳಿದ ದಾರಿ ಒಂದೇ. ಕಮಿಟಿ ಠರಾವು ಮಾಡಿತು: ಮೂರು ಭಾಷೆಗಳನ್ನೂ ತಂದುಕೊಳ್ಳುವುದು. ಮೇಲಿನ ಓಣಿಯ ಮೆಂಬರರು ಕೋಬಾಲಿಗೆ, ಕೆಳಗಿನ ಓಣಿ ಬೇಸಿಕ್‌ಗೆ, ಹೊಸ ಓಣಿ ಡೀಬೇಸ್‌ಗೆ. ಮೂರೂ ಊರಿನವರು ತಮ್ಮ ತಮ್ಮ ಕಡೆಯ ಒಬ್ಬೊಬ್ಬ ಬಲ್ಲವನನ್ನು ವಾರಕ್ಕೊಂದು ದಿನ ಕಳಿಸುವುದು. ಯಾರ ಮನಸ್ಸೂ ನೋಯಬಾರದು.

ಧಾರವಾಡದವರು ಈ ಠರಾವು ಓದಿ ನಗುತ್ತಾರೆಂದು ಹುಚ್ಚೀರಪ್ಪ ಹೆದರಿದ್ದ. ಹದಿನೈದು ದಿನಕ್ಕೆ ಮೂರು ಫ್ಲಾಪಿಯ ಜೊತೆ ಅಭಿನಂದನಾ ಪತ್ರ ಬಂತು. ಜಿಲ್ಲೆಯಲ್ಲಿ ಏಕಕಾಲಕ್ಕೆ ಮೂರು ಭಾಷೆಗಳಲ್ಲಿ ವರದಿ ತೆಗೆಯಲು ಮುಂದಾದ ಸಂಘ ಇದೊಂದೇ, ಇತರರು ಇದನ್ನು ನೋಡಿ ಕಲಿಯಬೇಕು ಎಂದಿತ್ತು. ಅದಕ್ಕೆ ಚೌಕಟ್ಟು ಹಾಕಿಸಿ ಗೋಡೆಗೆ ಮೊಳೆ ಹೊಡೆದರು. ಹುಚ್ಚೀರಪ್ಪನ ಮೆರವಣಿಗೆ ಒಂದು ಆಗಲಿಲ್ಲ, ಅಷ್ಟೇ. ನೀಲಗಂಗವ್ವ ಕೂಡ ನೀರು ತರಲು ಹೋದಲ್ಲಿ, "ನಮ್ಮ ಮನ್ಯಾಗಿನವರಿಗೆ ಈಗ ಮಾತಾಡಸಾಕೂ ಪುರಸೊತ್ತಿಲ್ಲವ್ವ," ಎಂದು ದೂರುವ ನೆಪದಲ್ಲಿ ಹೇಳಿಕೊಂಡಳು.

ಮಳೆ ಹತ್ತಿತು. ಸೋಮವಾರ ಲಕ್ಷ್ಮೇಶ್ವರದವನು, ಬುಧವಾರ ಶಿರಹಟ್ಟಿಯವನು, ಶುಕ್ರವಾರ ಮುಂಡರಗಿಯವನು. ಒಬ್ಬ ಮಾಡಿದ್ದು ಇನ್ನೊಬ್ಬನಿಗೆ ತಿಳಿಯದು, ತಿಳಿಯುವುದೂ ಬೇಕಿರಲಿಲ್ಲ. ಶಿರಹಟ್ಟಿಯವರು ಎಲ್ಲಿಂದಲೋ ಹುಡುಕಿ ಕಳಿಸಿದವನು ಆಗಸ್ಟ್ ತಿಂಗಳಿಡೀ ಇನ್ನೂರು ಸಾಲು ಬರೆದ. ಇನ್ನೂರ ಒಂದನೆಯ ಸಾಲಿಗೆ ಯಂತ್ರ, ಮೂರನೆಯ ಸಾಲಿನಲ್ಲಿ ಒಂದು ಚುಕ್ಕೆ ಇಲ್ಲವೆಂದಿತು; ಅದನ್ನು ಹಾಕಿ ಹೇಗೋ ಒಂದು ಪಟ್ಟಿ ಎಳೆದ. ಲಕ್ಷ್ಮೇಶ್ವರದವನ ಪಟ್ಟಿ ಬಂತು. ಹೆಸರುಗಳು ಹಿಂದುಮುಂದಾಗಿ, ಯಾರಿಗೆ ಎಷ್ಟು ವರ್ಷ ಎಂಬುದೇ ಇರಲಿಲ್ಲ. ಮುಂಡರಗಿಯವನು ಎರಡನೆಯ ಶುಕ್ರವಾರವೇ ಹೊಸ ಓಣಿಯ ಪಟ್ಟಿ ತೆಗೆದು ಕೈಗಿತ್ತು, "ಉಳಿದ ಓಣೀದೂ ಕೊಡ್ರಿ, ಸಂಜಿಗೆ ಮುಗಸ್ತೀನಿ," ಎಂದ. ಅವನಿಗೆ ಬಾಯಿ ಮುಚ್ಚಲು ಹೇಳಿದರು. ಬೇರೆಯವರ ಮನೆಯ ವಿಷಯ ಅದು.

ಈ ಮೂವರಲ್ಲಿ ಯಾರ ಪಟ್ಟಿ ಉದ್ದ ಎಂಬ ಪೈಪೋಟಿ ಬೇರೆ. ಗುಲಾಬಬಿ ಹುಟ್ಟಿದ್ದು ಮೇಲಿನ ಓಣಿ, ಅಪ್ಪನ ಷೇರು ಅಲ್ಲಿತ್ತು. ಗಂಡನ ಮನೆ ಕೆಳಗಿನ ಓಣಿ. ಒಂದೆರಡು ವರ್ಷ ಹೊಸ ಓಣಿಯಲ್ಲಿ ಬಾಡಿಗೆಗಿದ್ದಳು. ಮೂರೂ ಕಡೆಯವರು ಅವಳ ಹೆಸರು ಹಾಕಿಕೊಂಡರು.

"ಹುಚ್ಚೀರಣ್ಣಾ, ಬಂತೇನಪಾ?" ಎಂದು ಒದ್ದೆ ಕಾಲಿಗೆ ಚಿಂದಿ ಸುತ್ತಿಕೊಂಡು ಬಂದವಳಿಗೆ, "ಒಂದ ಕಡೆ ಅಲ್ಲ ಅಕ್ಕಾ, ಮೂರೂ ಕಡೆ ಬಂದೈತಿ," ಎಂದ ಹುಚ್ಚೀರಪ್ಪ.

"ಮೂರೂ ಕಡೆ!" ಅವಳು ಸೆರಗಿನಿಂದ ಕಣ್ಣೊರೆಸಿಕೊಂಡಳು. "ದೇವರು ನಿನ್ನ ಚಲೋ ಇಡ್ಲಿ. ನಮ್ಮ ಸಲವಾಗಿ ಬಿಸಲಾಗ ಊರೂರು ತಿರಗಿದಿ." ಮರುದಿನ ಸಂಘದ ಎಲ್ಲರಿಗೂ ಒಂದೊಂದು ಚಿಟಿಕೆ ಸಕ್ಕರೆ ಹಂಚಿ ಹೋದಳು.

ಸಪ್ಟೆಂಬರ್ ಮೂವತ್ತಕ್ಕೆ ಧಾರವಾಡದಿಂದ ಸಾಹೇಬರು ಸ್ವತಃ ಬಂದರು. ಮಾವಿನ ತೋರಣ, ಮಾಲೆ, ಚಹ. ಅಧ್ಯಕ್ಷರು ಹುಚ್ಚೀರಪ್ಪನ ಹೆಗಲ ಮೇಲೆ ಕೈ ಹಾಕಿ, "ಇವನ ನೋಡ್ರಿ ನಮ್ಮಾವ, ಮೂರೂ ಭಾಷಾ ನೀರು ಕುಡದಂಗ," ಎಂದರು. ಸಾಹೇಬರು ತಲೆದೂಗಿ ಪಟ್ಟಿ ಕೇಳಿದರು. ಮೂರು ಪಟ್ಟಿ ಕೊಟ್ಟರು. ಒಂದರಲ್ಲಿ ವರ್ಷವಿಲ್ಲ, ಒಂದರಲ್ಲಿ ಮನೆ ಸ್ವಂತವೋ ಬಾಡಿಗೆಯೋ ಇಲ್ಲ, ಒಂದು ಸರಿಯಿದ್ದರೂ ಅದರಲ್ಲಿ ಬರೇ ಒಂದು ಓಣಿ. ಎಲ್ಲಾ ಕೂಡಿಸಿದರೆ ನೂರ ಎಪ್ಪತ್ತು ಹೆಸರು.

ಸಾಹೇಬರು ಕನ್ನಡಕ ಏರಿಸಿ ಓದುತ್ತ ಹೋದರು. ಅವರ ಬೆರಳು ಒಂದು ಹೆಸರಿನ ಮೇಲೆ ನಿಂತಿತು. ಎರಡನೆಯ ಪಟ್ಟಿಯಲ್ಲಿ ಅದೇ ಹೆಸರು. ಮೂರನೆಯದರಲ್ಲೂ.

"ಯಾರಿದು ಗುಲಾಬಬಿ?"

ಬಾಗಿಲ ಹೊರಗೆ ನಿಂತ ಮಂದಿಯಲ್ಲಿ ಅವಳೂ ಇದ್ದಳು. ಸಾಹೇಬರ ಬಾಯಲ್ಲಿ ತನ್ನ ಹೆಸರು ಕೇಳಿ ಮುಖವರಳಿ, ಮಂದಿಯನ್ನು ಸರಿಸಿಕೊಂಡು ಒಳಗೆ ಬಂದಳು. "ನಾನ ರೀ ಸಾಹೇಬ್ರ!"

"ಮೂರು ಮನಿ ಬೇಕೇನವ್ವ ನಿನಗ?"

ಅವಳಿಗೆ ತಿಳಿಯಲಿಲ್ಲ. ನಗುತ್ತಲೇ ಇದ್ದಳು. "ಒಂದ ಸಾಕ್ರಿ ಯಪ್ಪಾ. ಮೂರು ತಗೊಂಡು ಏನ ಮಾಡ್ಲಿ?"

"ಮೂರು ಪಟ್ಟಿಯಾಗ ಹೆಸರು ಹಚ್ಚಿಸೀಯಲ್ಲ. ಬೋಗಸ್ ಇದು. ಇಂಥಾವು ಎಷ್ಟು ಅದಾವೋ ಇದರಾಗ," ಎಂದು ಸಾಹೇಬರು ಕೆಂಪು ಶಾಯಿಯಲ್ಲಿ ಮೂರೂ ಕಡೆ ಗೀಟು ಎಳೆದರು. "ಇದನ್ನ ನನಗ ತಗೊಳಾಕ ಬರೂದಿಲ್ಲ ಅಧ್ಯಕ್ಷರ. ನಾಳೆ ಮೇಲಿನವರಿಗೆ ಒಪ್ಪಸಬೇಕು." ಆಮೇಲೆ ಪಾಪ, ಏನನಿಸಿತೋ, ದನಿ ಇಳಿಸಿದರು. "ಕೈಲೆ ಬರದ ಪಟ್ಟಿ ಏನಾರ ಐತೇನು? ರಜಿಸ್ಟರ ನೋಡಿ ಬರದದ್ದು ಇದ್ರೂ ನಡೀತೈತಿ. ಒಂದ ಇರಬೇಕು, ಸರಿ ಇರಬೇಕು, ಅಷ್ಟ. ಇದ್ರ ಈಗ ಕೊಡ್ರಿ, ಇಲ್ಲೇ ಸಹಿ ಮಾಡಿ ಒಯ್ತೀನಿ."

ಎಲ್ಲರೂ ಹುಚ್ಚೀರಪ್ಪನ ಕಡೆ ತಿರುಗಿದರು. ಅಧ್ಯಕ್ಷರ ಕೈ ಇನ್ನೂ ಅವನ ಹೆಗಲ ಮೇಲೆಯೇ ಇತ್ತು. ಮರ್ದಾನಸಾಬ ಕಾಯುತ್ತಿದ್ದ, ಹದಿನಾರು ವರ್ಷದಲ್ಲಿ ಇವನು ಒಮ್ಮೆಯಾದರೂ ಸಿಕ್ಕಿಬೀಳುವುದನ್ನು ನೋಡುವ ಆಸೆ ಅವನದು. ಗುಲಾಬಬಿ ಕೆಂಪು ಗೀಟುಗಳನ್ನು ನೋಡುತ್ತ, ಅವು ಒಳ್ಳೆಯ ಗುರುತೋ ಕೆಟ್ಟದ್ದೋ ಎಂದು ಅವನ ಮುಖದಲ್ಲಿ ಹುಡುಕುತ್ತಿದ್ದಳು.

ಹುಚ್ಚೀರಪ್ಪನ ಕೈ ಎದ್ದಿತು. ಅಂಗಿಯ ಕಿಸೆಯವರೆಗೆ ಹೋಯಿತು. ನಾಲ್ಕು ಮಡಿಕೆಯ ಕಾಗದದ ಅಂಚನ್ನು ಬೆರಳು ಮುಟ್ಟಿತು. ಅಲ್ಲಿಂದ ಮುಂದೆ ಮೂಗಿಗೆ ಹೋಗಿ, ಮೂಗು ತುರಿಸಿ, ಕೆಳಗಿಳಿಯಿತು.

"ಇಲ್ರಿ ಸಾಹೇಬ್ರ. ಕೈಬರಹ ನಮ್ಮಲ್ಲಿ ಪೂರಾ ಬಂದ್ ಮಾಡೇವ್ರಿ."

"ಭೇಷ್," ಎಂದರು ಅಧ್ಯಕ್ಷರು.

ಸಾಹೇಬರು ಚಹ ಮುಗಿಸಿ ಎದ್ದರು. ನಲವತ್ತು ಮನೆಗಳನ್ನು ಪಕ್ಕದ ಊರಿನ ಸಂಘಕ್ಕೆ ಹಂಚಿದರೆಂದು ದೀಪಾವಳಿಯ ಹೊತ್ತಿಗೆ ಸುದ್ದಿ ಬಂತು. ಅಲ್ಲಿಯ ಕಾರಕೂನ ಅರ್ಧ ಹಾಳೆಯ ಮೇಲೆ ಪೆನ್ಸಿಲಿನಲ್ಲಿ ಹೆಸರು ಬರೆದು ಕೊಟ್ಟಿದ್ದನಂತೆ, ಹಿಂದುಳಿದ ಸಂಘ. ಬೆಟಗೇರಿಯವರಿಗೆ ಬೇಜಾರಾಗಬಾರದೆಂದು, ವರದಿಗೆ ತಕ್ಕ ಭಾಷೆ ಆರಿಸುವ ಬಗೆ ಎಂಬ ವಿಷಯದ ಮೇಲೆ ಹುಬ್ಬಳ್ಳಿಯ ಮುಂದಿನ ತರಬೇತಿಯಲ್ಲಿ ಒಂದು ತಾಸು ಮಾತಾಡಲು ಹುಚ್ಚೀರಪ್ಪನಿಗೆ ಆಮಂತ್ರಣ ಬಂದಿತು. ಅವನು ಹೋದ. ಮಾತಾಡಿದ. ಕೇಳಿದವರು ಚಪ್ಪಾಳೆ ತಟ್ಟಿದರು.

ಓಣಿಯಲ್ಲಿ ಮಾತ್ರ ಗುಲಾಬಬಿಗೆ ಬೇರೆ ಹೆಸರು ಬಿತ್ತು. "ಒಂದು ಸಾಲದ ಮೂರು ಮನಿಗೆ ಕೈ ಹಾಕಿದ್ಳಂತ. ಅವಳ ಸಲವಾಗಿ ಎಲ್ಲಾರದೂ ಹೋತು," ಎಂದು ನೆರೆಮನೆಯ ಶೇಖವ್ವ ನೀರಿನ ನಳದ ಹತ್ತಿರ ಕೈ ಬೀಸಿ ಹೇಳಿದಳು. ಅಲ್ಲೇ ಕೊಡ ಹಿಡಿದು ನಿಂತಿದ್ದ ನೀಲಗಂಗವ್ವ ಅಂದು ಮನೆಗೆ ಬಂದವಳು ಗಂಡನ ಮುಂದೆ ತಾಟು ಇಟ್ಟಳು. ಒಂದು ಭಾಷೆಯಲ್ಲಿಯೂ ಮಾತಾಡಲಿಲ್ಲ.

ಮನೆಯ ಮಾಲಕ ಹೇಳಿದ ದಿನ ಮೀರಿಸಲಿಲ್ಲ. ಗುಲಾಬಬಿಗೆ ಲಕ್ಷ್ಮೇಶ್ವರದ ತಮ್ಮನ ಮನೆಯಲ್ಲಿ ಒಂದು ಮೂಲೆ ಸಿಕ್ಕಿತ್ತು. ಕುಣಿ ತೋಡುವಷ್ಟಲ್ಲ, ಮಲಗುವಷ್ಟು. ಅಲ್ಲಿ ಮೆಣಸಿನಕಾಯಿಯ ತೊಟ್ಟು ಮುರಿಯುವ ಕೆಲಸ ಗೊತ್ತಾಗಿತ್ತು. ಮಗ್ಗ ಬಿಚ್ಚಿ ಚಕ್ಕಡಿಗೆ ಏರಿಸುವಾಗ ಓಣಿಯವರು ಬಾಗಿಲು ಮುಂದೆ ಮಾಡಿಕೊಂಡರು. ಹುಚ್ಚೀರಪ್ಪ ಬಂದ. ಕಟ್ಟಿಗೆಗಳನ್ನು ಒಂದರ ಮೇಲೊಂದು ಪೇರಿಸಿ ಹಗ್ಗ ಬಿಗಿದ. ಕುಣಿಯಲ್ಲಿ ನೀರು ಮೊಳಕಾಲು ಮಟ ನಿಂತಿತ್ತು; ಈಗ ಅದನ್ನು ಯಾರೂ ಮೊಗೆಯಬೇಕಾಗಿರಲಿಲ್ಲ.

"ನೀ ಏನೂ ಮನಸಿಗೆ ಹಚ್ಚಿಕೋಬ್ಯಾಡ ಹುಚ್ಚೀರಣ್ಣಾ," ಎಂದಳು ಗುಲಾಬಬಿ, ಚಕ್ಕಡಿಯ ಮೇಲೆ ಲಾಳಿಗಳ ಗಂಟು ಮಡಿಲಲ್ಲಿಟ್ಟುಕೊಂಡು. "ನಿನ್ನ ಕೈಲಾದ್ದು ನೀ ಮಾಡಿದಿ. ನನ್ನ ಹಣೆಬರಹ ಸರಿ ಇಲ್ಲ."

ಅವನು ಹಗ್ಗದ ಗಂಟನ್ನು ಇನ್ನೊಮ್ಮೆ ಬಿಗಿದ.

"ಒಂದ ಮಾತು. ಊರು ಬಿಟ್ಲು ಅಂತ ನನ್ನ ಹೆಸರು ಆ ಕಂಪ್ಯೂಟರಿನಾಗಿಂದ ತಗದು ಒಗೀಬ್ಯಾಡ್ರಿ. ಮುಂದ ಯಾವಾಗಾರ ಮನಿ ಬಂದ್ರ..."

"ಇಲ್ಲ ಅಕ್ಕಾ. ಅದರಾಗಿಂದ ನಿನ್ನ ಹೆಸರು ಎಂದೂ ಹೋಗೂದಿಲ್ಲ."

ಚಕ್ಕಡಿ ಹೊರಟಿತು. ಆ ವರ್ಷ ಹುಚ್ಚೀರಪ್ಪ ಆಡಿದ ಮಾತುಗಳಲ್ಲಿ ಕೊನೆಗೂ ಖರೆಯಾಗಿ ಉಳಿದದ್ದು ಅದೊಂದೇ. ಹೆಸರು ಅಳಿಸುವುದು ಹೇಗೆಂದು ಅವನಿಗೆ ಯಾರೂ ಕಲಿಸಿರಲಿಲ್ಲ.